ಪಾಪ, ಕೃಪೆ ಮತ್ತು ಒಂದು ಕಾಗದ

ನಮ್ಮ ಕನ್ನಡದಲ್ಲಿ ‘ಪಾಪ’ ಎಂಬ ಮಾತಿಗೆ ಇರುವಷ್ಟು ಕೆಲಸ ಬೇರೆ ಯಾವ ಮಾತಿಗೂ ಇರಲಾರದು. ಭಾನುವಾರ ಬೆಳಿಗ್ಗೆ ದೇವಾಲಯದಲ್ಲಿ ಪಾಪದ ಅರಿಕೆ ಮಾಡುವಾಗ ಎಲ್ಲರೂ ತಲೆ ತಗ್ಗಿಸಿಕೊಂಡಿರುತ್ತೇವೆ. ಆರಾಧನೆ ಮುಗಿದು ಗೇಟಿನ ಬಳಿ ನಿಂತಾಗ ಅದೇ ನಾಲಿಗೆ, ‘ಪಾಪ, ಅವರ ಸೊಸಿಗೆ ಮತ್ತ ಆಪರೇಷನ್ ಅಂತ’ ಎನ್ನುತ್ತದೆ. ಕಾಯಿಪಲ್ಲೆ ಮಾರುವ ಮುದುಕಿಯ ಬುಟ್ಟಿ ಚೆಲ್ಲಿದರೆ ಪಾಪ. ಪರೀಕ್ಷೆಯಲ್ಲಿ ಎರಡು ಅಂಕದಿಂದ ನಪಾಸಾದ ಹುಡುಗ ಪಾಪ. ಕೊಲೆ ಮಾಡಿದವನು ಮಾಡಿದ್ದು ಪಾಪ. ಅವನನ್ನು ಜೈಲಿಗೆ ಒಯ್ಯುವಾಗ ಹಿಂದೆ ಓಡಿಬರುವ ಅವನ ತಾಯಿಯನ್ನು ಕಂಡರೆ ಅಯ್ಯೋ ಪಾಪ.

ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ತಾವು ತಂದ ಸುವಾರ್ತೆಯನ್ನು ಹೇಳಲು ಅವರು ಹೊಸ ಮಾತುಗಳನ್ನು ಹುಟ್ಟಿಸಲಿಲ್ಲ. ಪಾಪ, ಕೃಪೆ, ರಕ್ಷಣೆ, ವಿಶ್ವಾಸ ಎಲ್ಲವೂ ನಮ್ಮ ಬಾವಿಕಟ್ಟೆಯ ಮೇಲೆ, ಅಡಿಗೆಮನೆಯಲ್ಲಿ ಮೊದಲೇ ಓಡಾಡಿಕೊಂಡಿದ್ದ ಮಾತುಗಳು. ಕಿಟೆಲ್ ಸಾಹೇಬರು ಅಂಥ ಸಾವಿರಾರು ಮಾತುಗಳನ್ನು ಆಯ್ದು ಕೂಡಿಸಿ, 1894ರಲ್ಲಿ ಆ ದೊಡ್ಡ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಒಂದು ಮಾತಿಗೆ ಎರಡು ಅರ್ಥ ಬಂದರೆ ಒಂದು, ಎರಡು ಎಂದು ಅಂಕೆ ಹಾಕಿ ಬೇರೆ ಮಾಡುವ ಅನುಕೂಲ ನಿಘಂಟು ಮಾಡುವವರಿಗೆ ಇದೆ. ಬಾಳುವೆ ಮಾಡುವವರಿಗೆ ಇಲ್ಲ.

ಮಾಡಿದ್ದನ್ನು ಪಾಪ ಎನ್ನುವುದು ಒಂದು. ಮಾಡಿದವರನ್ನು ನೋಡಿ ‘ಪಾಪ’ ಎನ್ನುವುದು ಇನ್ನೊಂದು. ಕೃಪೆ ಎಂಬುದು ಇವೆರಡೂ ಕೂಡುವ ಜಾಗದಲ್ಲಿ ಎಲ್ಲೋ ಇದೆ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಆದರೆ ಮೊದಲನೆಯದನ್ನು ಬಾಯಿಬಿಟ್ಟು ಹೇಳದೆ ಸೀದಾ ಎರಡನೆಯದಕ್ಕೆ ಬಂದುಬಿಡಿ ಎಂದು ನಮಗೆ, ಅದರಲ್ಲೂ ಹೆಂಗಸರಿಗೆ, ಬುದ್ಧಿ ಹೇಳುವವರು ಬಹಳ. ಆ ಬಗ್ಗೆಯೇ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಓದುವ ಅಕ್ಕತಂಗಿಯರಲ್ಲಿ ಕ್ರೈಸ್ತರಲ್ಲದವರೂ ಇರುತ್ತೀರಿ. ಆದ್ದರಿಂದ ಕೃಪೆ ಎಂದು ನಾವು ಯಾವುದನ್ನು ಕರೆಯುತ್ತೇವೆ ಎಂದು ಮೊದಲು ಹೇಳಿಬಿಡುತ್ತೇನೆ. ಕೆಥೊಲಿಕರು ಇದನ್ನೇ ವರಪ್ರಸಾದ ಎನ್ನುತ್ತಾರೆ. ದುಡಿದದ್ದಕ್ಕೆ ಸಿಗುವುದು ಕೂಲಿ. ಕೈಯೊಡ್ಡಿದ್ದಕ್ಕೆ ಸಿಗುವುದು ಭಿಕ್ಷೆ. ಕೇಳುವ ಮೊದಲೇ, ಯೋಗ್ಯತೆ ನೋಡದೆ ಬರುವುದು ಕೃಪೆ. ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಯಜಮಾನನ ಕಥೆಯೊಂದಿದೆ. ಅವನು ಬೆಳಗಿನ ಜಾವ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ಮಧ್ಯಾಹ್ನ ಕೆಲವರನ್ನು, ಸಂಜೆ ಕೆಲಸ ಬಿಡಲು ಇನ್ನೊಂದು ತಾಸಿರುವಾಗ ಮತ್ತೆ ಕೆಲವರನ್ನು. ಕೊನೆಗೆ ಎಲ್ಲರ ಕೈಗೂ ಒಂದೊಂದು ದಿನಾರಿ ಇಡುತ್ತಾನೆ. ಒಂದು ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ. ನಮ್ಮ ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಈ ಕಥೆ ಓದಿದಾಗಲೆಲ್ಲ ಜಗಳವಾಗುತ್ತದೆ. ಬೆಳಗಿನಿಂದ ಬಿಸಿಲಲ್ಲಿ ಬೆಂದವರ ಪರವಾಗಿ ಯಾರಾದರೊಬ್ಬರು ನಿಂತೇ ನಿಲ್ಲುತ್ತಾರೆ. ಒಮ್ಮೆ ಮಾತ್ರ, ನಾಲ್ಕು ಮನೆಯ ಪಾತ್ರೆ ತೊಳೆದು ಮಕ್ಕಳನ್ನು ಓದಿಸಿದ ಒಬ್ಬಾಕೆ ಹಿಂದಿನ ಸಾಲಿನಿಂದ, ‘ಸಂಜಿಗೆ ಬಂದಾಂವಗೂ ಮನ್ಯಾಗ ಮಕ್ಕಳು ಇರ್ತಾವಲ್ರಿ, ಅವಕ್ಕ ಅರ್ಧಾ ಹಸಿವಿ ಇರ್ತದೇನು?’ ಎಂದರು. ಆ ಕಥೆಯ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಅದೇ ಒಳ್ಳೆಯದು.

ದೇವರ ಕೃಪೆಯ ಮಾತು ಹೀಗೆ ಸುಲಭವಾಗಿ ಮುಗಿಯುತ್ತದೆ. ತೋಟ ಅವನದು, ದುಡ್ಡು ಅವನದು, ಕೊಡುವವನೂ ಅವನೇ. ಕಷ್ಟ ಶುರುವಾಗುವುದು, ಕೊಡಬೇಕಾದವರು ನಾವಾದಾಗ. ಅದೂ ನಮ್ಮದನ್ನು ಕಸಿದುಕೊಂಡವರಿಗೇ ಕೊಡಬೇಕಾದಾಗ.

ನನ್ನ ತಾಯಿಗೆ ದೂರದ ಸಂಬಂಧದಲ್ಲಿ ತಂಗಿಯಾಗಬೇಕಾದ ಒಬ್ಬರಿದ್ದಾರೆ. ನಾವು ಚಿಕ್ಕಮ್ಮ ಎಂದೇ ಕರೆಯುತ್ತೇವೆ. ಅವರಿಗೆ ಈಗ 81 ವರ್ಷ. ನರ್ಸ್ ಕೆಲಸ ಮಾಡಿದವರು. 38ನೆಯ ವಯಸ್ಸಿಗೆ ಗಂಡ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು. ಅವರ ತಂದೆಯ ಕಾಲದ ಒಂದು ಹೆಂಚಿನ ಮನೆ, ಹಿತ್ತಲು, ಬಾವಿ ಇತ್ತು. ತಂದೆ ಹೋದ ಮೇಲೆ ಅದಕ್ಕೆ ವಾರಸುದಾರರು ಇಬ್ಬರೇ, ಇವರು ಮತ್ತು ಇವರ ಅಣ್ಣ. 1984ರಲ್ಲಿ ಒಂದು ಮಧ್ಯಾಹ್ನ ಅಣ್ಣ ಬಂದು, ‘ಉತಾರದಾಗ ಅಪ್ಪನ ಹೆಸರು ತೆಗಿಸಬೇಕವ್ವ, ನಿಂದೊಂದು ಸಹಿ ಬೇಕು’ ಎಂದರು. ಚಿಕ್ಕಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು ಎದ್ದು, ಮುಖ ತೊಳೆದು, ಅಣ್ಣನ ಜೊತೆ ಕಚೇರಿಗೆ ಹೋಗಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬಂದರು. ಅದು ತನ್ನ ಪಾಲಿನ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟ ಪತ್ರ ಎಂದು ಗೊತ್ತಾದದ್ದು ವರ್ಷ ಕಳೆದ ಮೇಲೆ, ಮಳೆಗಾಲದಲ್ಲಿ ಬಾಡಿಗೆ ಮನೆ ಸೋರಿ, ‘ನಮ್ಮ ಮನೆಯ ಹಿಂದಿನ ಎರಡು ಕೋಣೆಗೆ ಬಂದಿರಲೇ?’ ಎಂದು ಕೇಳಲು ಹೋದಾಗ.

ಒಂದು ಮಾತು ಇಲ್ಲಿಯೇ ಹೇಳಬೇಕು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮಗಳಿಗೆ ಪಾಲಿಲ್ಲ ಎಂದು ತಿಳಿದವರು ಇನ್ನೂ ಇದ್ದಾರೆ. ಅದು ತಪ್ಪು. ತಂದೆ ಉಯಿಲು ಬರೆಯದೆ ಹೋದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಕೇರಳದ ತಿರುವಾಂಕೂರು ಸೀಮೆಯ ಕ್ರೈಸ್ತರಲ್ಲಿ ಮಾತ್ರ 1916ರ ಬೇರೊಂದು ಕಾಯಿದೆ ನಡೆದುಬಂದಿತ್ತು. ಅದರಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ, ಇಲ್ಲವೆ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಎಂಬ ಶಾಲೆ ನಡೆಸುತ್ತಿದ್ದ ಹೆಣ್ಣುಮಗಳು ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಚಿಕ್ಕಮ್ಮ ಅದನ್ನು ಕತ್ತರಿಸಿ ಸತ್ಯವೇದದೊಳಗೆ ಇಟ್ಟುಕೊಂಡರು. ಕೋರ್ಟಿಗೆ ಮಾತ್ರ ಹೋಗಲಿಲ್ಲ. ಪಾಳಿಯ ಕೆಲಸ, ವಕೀಲರ ಫೀಸು, ಶಾಲೆಗೆ ಹೋಗುವ ಮಕ್ಕಳು. ಜೊತೆಗೆ, ಎದುರಿಗೆ ನಿಲ್ಲಬೇಕಾದವನು ಒಡಹುಟ್ಟಿದವನು.

ಆದರೆ ಅವರು ಸುಮ್ಮನೂ ಇರಲಿಲ್ಲ. ಸಭೆಯ ಹಿರಿಯರಿಗೆ ಹೇಳಿದರು, ನೆಂಟರಿಷ್ಟರಿಗೆ ಹೇಳಿದರು, ಹೇಳುತ್ತಲೇ ಹೋದರು. ಅಣ್ಣನೂ ತಂಗಿಯೂ ಒಂದೇ ದೇವಾಲಯಕ್ಕೆ ಬರುವವರು. ಕರ್ತನ ಭೋಜನದ ದಿನ ಇಬ್ಬರೂ ಒಂದೇ ಮೇಜಿನ ಮುಂದೆ ಮೊಣಕಾಲೂರಬೇಕು. ಸಭೆಯೊಳಗೆ ಇದೊಂದು ಮುಜುಗರವಾಯಿತು. ಹಿರಿಯರು ನಾಲ್ವರು ಸೇರಿ ಬುದ್ಧಿ ಹೇಳಲು ಬಂದದ್ದು ಚಿಕ್ಕಮ್ಮನ ಮನೆಗೆ. ಅಣ್ಣನ ಮನೆಗಲ್ಲ. ‘ನೀವು ದೊಡ್ಡ ಮನಸ್ಸು ಮಾಡಬೇಕು’ ಎಂದರು. ಹೆಂಗಸರು ದೊಡ್ಡ ಮನಸ್ಸು ಮಾಡುವುದರ ಮೇಲೆಯೇ ನಮ್ಮ ಊರುಗಳ ಅರ್ಧ ಮನೆಗಳು ನಿಂತಿವೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಅಂದು ಅವರು ಮತ್ತಾಯನ ಐದನೆಯ ಅಧ್ಯಾಯದ ಮಾತನ್ನು ಎತ್ತಿದರು. ಯಜ್ಞವೇದಿಯ ಮುಂದೆ ಕಾಣಿಕೆ ತಂದು ನಿಂತಾಗ ಸಹೋದರನೊಡನೆ ಇರುವ ವಿರಸ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಉಪದೇಶ. ಈ ಮಾತನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ನೊಂದವರೇ ಎದ್ದು ಹೋಗಬೇಕು ಎನ್ನುವ ಹಾಗೆ ಹೇಳುತ್ತಾರೆ. ಪುಸ್ತಕ ತೆಗೆದು ನಿಧಾನವಾಗಿ ಓದಿದರೆ ಅದು ಹಾಗಿಲ್ಲ. ಸಹೋದರನಿಗೆ ನಿನ್ನ ಮೇಲೆ ದೂರು ಇದ್ದರೆ, ಎಂದಿದೆ. ಯಾರ ಮೇಲೆ ದೂರಿದೆಯೋ ಅವನು ಎದ್ದು ಹೋಗಬೇಕು. ಕಾಣಿಕೆ ಬಿಟ್ಟು ನಡೆಯಬೇಕಾದದ್ದು ಅಣ್ಣ.

ಇನ್ನೊಂದೂ ಹೀಗೆಯೇ. ಎಷ್ಟು ಸಲ ಕ್ಷಮಿಸಬೇಕು ಎಂದು ಪೇತ್ರನು ಕೇಳಿದಾಗ ಯೇಸು ಕೊಟ್ಟ ಎಪ್ಪತ್ತೇಳರ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದೇ ಅಧ್ಯಾಯದಲ್ಲಿ, ಅದಕ್ಕೆ ನಾಲ್ಕು ಮಾತು ಮುಂಚೆ, ತಪ್ಪು ಮಾಡಿದ ಸಹೋದರನ ಬಳಿಗೆ ಹೋಗಿ ಅವನ ತಪ್ಪನ್ನು ಅವನಿಗೇ ಹೇಳು; ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು; ಅದಕ್ಕೂ ಕೇಳದಿದ್ದರೆ ಸಭೆಯ ಮುಂದೆ ಹೇಳು ಎಂದು ಒಂದೊಂದೇ ಮೆಟ್ಟಿಲಾಗಿ ಹೇಳಿದೆ. ಮೆಟ್ಟಿಲುಗಳನ್ನು ಬಿಟ್ಟು ಮಾಳಿಗೆಗೆ ಹಾರಿ ಎಂದರೆ ಹೇಗೆ? ಚಿಕ್ಕಮ್ಮ ಆ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತಿದ್ದರು. ‘ಊರೆಲ್ಲ ಡಂಗುರಾ ಹೊಡೀತಾಳ’ ಎಂಬ ಮಾತು ಅವರಿಗೇ ಬಂತು.

ಹಿರಿಯರ ಮಾತೆಲ್ಲ ಮುಗಿದ ಮೇಲೆ ಚಿಕ್ಕಮ್ಮ ಚಹಾ ಕೊಟ್ಟು ಇಷ್ಟೇ ಹೇಳಿದರಂತೆ: ‘ಕ್ಷಮಾ ಮಾಡಿ ಭಾಳ ದಿನಾ ಆತ್ರಿ. ಕಾಗದ ತಗೊಂಡು ಬಾ ಅಂತ ಅಣ್ಣಗ ಹೇಳ್ರಿ.’

ಈ ಮಾತಿನ ಮೇಲೆ ನಮ್ಮ ಬಳಗದಲ್ಲಿ ಚರ್ಚೆ ಇನ್ನೂ ನಿಂತಿಲ್ಲ. ಕ್ಷಮಿಸಿದ ಮೇಲೆ ಕಾಗದ ಯಾಕೆ ಎನ್ನುವವರಿದ್ದಾರೆ. ಕಾಗದ ಕೇಳಿದರೆ ಅದು ಕ್ಷಮೆ ಹೇಗಾಯಿತು ಎನ್ನುವವರೂ ಇದ್ದಾರೆ. ನನಗಂತೂ ಅದರಲ್ಲಿ ವಿರೋಧ ಕಾಣಿಸಲಿಲ್ಲ. ಅಣ್ಣನ ಮೇಲಿನ ಸೇಡು ಬಿಡುವುದು ಅವರ ಕೈಯಲ್ಲಿತ್ತು, ಬಿಟ್ಟರು. ಮನೆ ಹಿಂದಿರುಗಿಸುವುದು ಅಣ್ಣನ ಕೈಯಲ್ಲಿತ್ತು. ಅವನ ಪಾಲಿನ ಕೆಲಸವನ್ನೂ ಇವರೇ ಹೇಗೆ ಮಾಡಲಾದೀತು?

ಲೂಕನ ಸುವಾರ್ತೆಯ ಜಕ್ಕಾಯನ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಕಲಿಯದ ಕ್ರೈಸ್ತ ಮಗುವಿಲ್ಲ. ಗಿಡ್ಡ ಮನುಷ್ಯ, ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಯೇಸುವನ್ನು ನೋಡಲು ಅತ್ತಿಯ ಜಾತಿಯ ಮರ ಹತ್ತಿ ಕುಳಿತವನು. ಮರ ಹತ್ತಿದ್ದನ್ನು ಮಕ್ಕಳಿಗೆ ಅಭಿನಯ ಮಾಡಿ ತೋರಿಸುತ್ತೇವೆ, ಇಳಿದ ಮೇಲೆ ಆದದ್ದನ್ನು ಬೇಗ ಮುಗಿಸಿಬಿಡುತ್ತೇವೆ. ಯೇಸು ಅವನಿಗೆ ಬುದ್ಧಿ ಹೇಳಲಿಲ್ಲ, ಲೆಕ್ಕ ಕೇಳಲಿಲ್ಲ. ಇವತ್ತು ನಿನ್ನ ಮನೆಗೆ ಬರುತ್ತೇನೆ ಎಂದರು, ಅಷ್ಟೇ. ಕೃಪೆ ಮೊದಲು ಬಂತು. ಆಮೇಲೆ ಜಕ್ಕಾಯ ತಾನಾಗಿ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಸಿದದ್ದಿದ್ದರೆ ಅದಕ್ಕೆ ನಾಲ್ಕರಷ್ಟು ಎಂದ. ಮೋಶೆಯ ಧರ್ಮಶಾಸ್ತ್ರ ಅವನಿಂದ ಅಷ್ಟು ಕೇಳುತ್ತಿರಲಿಲ್ಲ. ತಪ್ಪನ್ನು ತಾನೇ ಒಪ್ಪಿಕೊಂಡವನು ತೆಗೆದುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಟ್ಟು ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಿದರೆ ಸಾಕು ಎಂದು ಅರಣ್ಯಕಾಂಡದಲ್ಲಿ ಇದೆ. ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಯ್ದವನಿಗೆ ಅಥವಾ ಮಾರಿದವನಿಗೆ ಹಾಕುವ ದಂಡ. ಜಕ್ಕಾಯ ತನ್ನನ್ನು ತಾನೇ ಕುರಿಕಳ್ಳರ ಸಾಲಿನಲ್ಲಿ ನಿಲ್ಲಿಸಿಕೊಂಡ. ಈ ಮನೆಗೆ ರಕ್ಷಣೆ ಬಂತೆಂದು ಯೇಸು ಸಾರಿದ್ದು ಆ ಮಾತಿನ ಮೇಲೆ. ಆಮೇಲೆ ಯೆರಿಕೋವಿನ ಎಷ್ಟು ವಿಧವೆಯರ ಬಾಗಿಲಿಗೆ ಈ ಗಿಡ್ಡ ಮನುಷ್ಯ ದುಡ್ಡಿನ ಚೀಲ ಹಿಡಿದು ಹೋಗಿ ನಿಂತನೋ, ಅದನ್ನು ಲೂಕ ಬರೆದಿಲ್ಲ. ನನಗೆ ಅದನ್ನೇ ಓದುವ ಆಸೆ.

ಜರ್ಮನಿಯ ಬೋನ್‌ಹೊಫರ್ ಎಂಬ ಪಾದ್ರಿ 1937ರಲ್ಲಿ ಬರೆದ ಪುಸ್ತಕದಲ್ಲಿ, ಪಶ್ಚಾತ್ತಾಪವಿಲ್ಲದೆ ಹಂಚುವ ಕ್ಷಮೆಗೆ ಅಗ್ಗದ ಕೃಪೆ ಎಂದು ಹೆಸರಿಟ್ಟರು. ಹಿಟ್ಲರನ ಸರ್ಕಾರ ಅವರನ್ನು 1945ರ ಏಪ್ರಿಲ್‌ನಲ್ಲಿ ನೇಣು ಹಾಕಿತು. ಕೃಪೆ ಅಗ್ಗವಲ್ಲ ಎನ್ನುವ ಅಧಿಕಾರ ಅವರಿಗಿತ್ತು. ನಮ್ಮ ಕಡೆ ಅಗ್ಗದ ಕೃಪೆಗೆ ಇನ್ನೊಂದು ಗುಣವಿದೆ. ಅದರ ಬೆಲೆಯನ್ನು ಕೊಡುವವರು ಸಾಮಾನ್ಯವಾಗಿ ಹೆಂಗಸರು.

ಇಲ್ಲಿ ನನಗೆ ಗ್ಲಾಡಿಸ್ ಸ್ಟೇನ್ಸ್ ನೆನಪಾಗುತ್ತಾರೆ. ಅವರ ಪತಿ ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯದವರು, ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದವರು. 1999ರ ಜನವರಿ 22ರ ರಾತ್ರಿ ಮನೋಹರಪುರ ಎಂಬ ಹಳ್ಳಿಯಲ್ಲಿ ಅವರೂ ಅವರ ಇಬ್ಬರು ಗಂಡುಮಕ್ಕಳೂ ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಬಂದು ಬೆಂಕಿ ಹಚ್ಚಿತು. ಮಕ್ಕಳಿಗೆ 10 ಮತ್ತು 6 ವರ್ಷ. ಗ್ಲಾಡಿಸ್ ಉಳಿದ ಒಬ್ಬ ಮಗಳೊಡನೆ ಬಾರಿಪದದಲ್ಲಿಯೇ ಇದ್ದು, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ದೇಶವೆಲ್ಲ ಬೆರಗಾಯಿತು.

ಆಮೇಲೆ ಆದದ್ದು ನನಗೆ ಹಿಡಿಸಲಿಲ್ಲ. ಆ ತಾಯಿಯ ಹೆಸರನ್ನು ನಮ್ಮ ಪ್ರಸಂಗಪೀಠಗಳಿಂದ ಬೇರೆ ಹೆಂಗಸರ ಮೇಲೆ ಬೀಸತೊಡಗಿದರು. ಸುಟ್ಟವರನ್ನೇ ಆಕೆ ಕ್ಷಮಿಸಿದಳು, ನಿನಗೆ ಕುಡಿದು ಹೊಡೆದ ಗಂಡನನ್ನು ಕ್ಷಮಿಸಲಾಗದೇ, ಅತ್ತೆಯನ್ನು ಕ್ಷಮಿಸಲಾಗದೇ, ಅಣ್ಣನನ್ನು ಕ್ಷಮಿಸಲಾಗದೇ, ಎಂದು. ಕ್ಷಮಿಸು ಎಂದು ಗ್ಲಾಡಿಸ್‌ಗೆ ಹೇಳಲು ಯಾವ ಹಿರಿಯರೂ ಮನೆಗೆ ಬಂದಿರಲಿಲ್ಲ ಎಂಬುದನ್ನು ಮರೆತರು. ಕ್ಷಮೆಯನ್ನೂ ಅಪರಾಧದ ಫಲವನ್ನೂ ಕಲಸಬಾರದು ಎಂದು ಅವರೇ ಸ್ಪಷ್ಟವಾಗಿ ಹೇಳಿದ್ದನ್ನೂ ಮರೆತರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆಯಾಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗ್ಲಾಡಿಸ್ 2004ರವರೆಗೆ ಇಲ್ಲಿಯೇ ಉಳಿದು ರೋಗಿಗಳ ಸೇವೆ ನಡೆಸಿದರು. ಪಾಪವನ್ನು ಪಾಪ ಎಂದೇ ಕರೆದು ಕ್ಷಮಿಸಿದ್ದರಿಂದ ಅವರ ಕ್ಷಮೆಗೆ ತೂಕವಿತ್ತು. ಏನೂ ಆಗಿಲ್ಲ ಎನ್ನುವುದಾದರೆ ಕ್ಷಮಿಸುವುದಕ್ಕೆ ತಾನೇ ಏನು ಉಳಿಯುತ್ತದೆ?

ಚಿಕ್ಕಮ್ಮನನ್ನು ನಾನು ಸಂತಳನ್ನಾಗಿ ಮಾಡಲು ಹೊರಟಿಲ್ಲ. ‘ಕ್ಷಮಾ ಮಾಡಿ ಭಾಳ ದಿನಾ ಆತು’ ಎಂದದ್ದು ನಿಜವಿರಬಹುದು. ಆದರೆ ಆಮೇಲೆಯೂ ಹತ್ತು ಹನ್ನೆರಡು ವರ್ಷ ಅವರ ಮಾತಿನಲ್ಲಿ ಬೇವಿನ ಕಹಿ ಇತ್ತು. ಹಬ್ಬಕ್ಕೆ ಹೋದರೆ ಕುಸುಬಿ ತಟ್ಟೆಗೆ ಬರುವ ಮೊದಲೇ ಮನೆಯ ಕಥೆ ಶುರುವಾಗುತ್ತಿತ್ತು. ಅವರ ಹೆಣ್ಣುಮಕ್ಕಳೇ, ‘ಸಾಕು ಮಾಡಮ್ಮ’ ಎನ್ನುತ್ತಿದ್ದರು. ಅಣ್ಣನ ಮಗ ಚಿಕ್ಕ ಹುಡುಗ, ಏನೂ ಅರಿಯದವನು. ರಸ್ತೆಯಲ್ಲಿ ಎದುರಾದರೆ ಅವನನ್ನೂ ಮಾತಾಡಿಸುತ್ತಿರಲಿಲ್ಲ. ಕೂಟದಲ್ಲಿ ತಪ್ಪಿಹೋದ ಮಗನ ಸಾಮ್ಯ ಓದಿದಾಗ, ಒಳಗೆ ಬರಲೊಲ್ಲದೆ ಹೊಲದಿಂದ ಬಂದು ಅಂಗಳದಲ್ಲಿಯೇ ನಿಂತ ಹಿರಿಮಗನ ಪಕ್ಷವನ್ನು ಇವರು ಬಲವಾಗಿ ಹಿಡಿಯುತ್ತಿದ್ದರು. ‘ದುಡಿದಾಂವ ಅಂವಾ. ಒಂದು ಆಡಿನ ಮರಿ ಕೊಟ್ಟಿದ್ರೇನು ಅಪ್ಪ ಅಂವಗ?’ ಎಂದು. (ಆ ಕೊಬ್ಬಿದ ಕರುವನ್ನು ಇಡೀ ಊರಿಗೆ ಆಗುವಷ್ಟು ಅಡಿಗೆ ಮಾಡಿದವರು ಯಾರು, ಅವರು ಉಂಡರೋ ಇಲ್ಲವೋ ಎಂದು ಇನ್ನೊಬ್ಬರು ಕೇಳುವರು. ನಮ್ಮ ಕೂಟ ಹೀಗೆ.) ಲೆಕ್ಕ ಸರಿಯಾಗಿ ಇಟ್ಟವರಿಗೆ ಇರುವ ಅಪಾಯ ಇದು. ಲೆಕ್ಕ ಸರಿಯಾಗಿಯೇ ಇರುತ್ತದೆ, ಅದನ್ನು ಓದಿ ಓದಿ ಕಣ್ಣು ಕೆಡುತ್ತದೆ.

ವಿಶ್ವಾಸದ ನಡಿಗೆ ಎಂದು ನಾವು ಹೇಳುವಾಗ, ಒಂದು ದಿನ ಮನಸ್ಸು ತಿರುಗಿತು, ಅಂದಿನಿಂದ ದಾರಿ ನೆಟ್ಟಗಾಯಿತು ಎಂಬಂತೆ ಹೇಳುತ್ತೇವೆ. ಸಾಕ್ಷಿ ಹೇಳುವ ಕೂಟಗಳಲ್ಲಿ ಇಂಥ ಕಥೆಗಳೇ ಹೆಚ್ಚು. ‘ಅಮೇಜಿಂಗ್ ಗ್ರೇಸ್’ ಎಂಬ ಹಾಡನ್ನು ಬರೆದ ಜಾನ್ ನ್ಯೂಟನ್ ಎಂಬ ಇಂಗ್ಲಿಷಿನವನ ಬಾಳನ್ನೂ ಹಾಗೆಯೇ ಹೇಳುವುದುಂಟು: ಗುಲಾಮರನ್ನು ಸಾಗಿಸುವ ವ್ಯಾಪಾರದಲ್ಲಿದ್ದ, ಬಿರುಗಾಳಿಗೆ ಸಿಕ್ಕ, ದೇವರನ್ನು ಕೂಗಿದ, ಬದಲಾದ. ಬಿರುಗಾಳಿ ಬಂದದ್ದು 1748ರಲ್ಲಿ, ನಿಜ. ಆದರೆ ಅದಾದ ಮೇಲೆಯೇ ಅವನು ಗುಲಾಮರ ಹಡಗಿಗೆ ಕಪ್ತಾನನಾದದ್ದು. ಮೇಲೆ ತನ್ನ ಕೋಣೆಯಲ್ಲಿ ಪ್ರಾರ್ಥನೆ, ಕೆಳಗೆ ಸಂಕೋಲೆಯಲ್ಲಿ ಮನುಷ್ಯರು. 1754ರಲ್ಲಿ ಅವನು ಕಡಲು ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿ ಅಲ್ಲ, ಕಾಯಿಲೆ ಬಿದ್ದು. 1764ರಲ್ಲಿ ಪಾದ್ರಿಯಾದ. 1773ರ ಹೊಸವರ್ಷದ ದಿನದ ಆರಾಧನೆಗೆಂದು ಆ ಹಾಡನ್ನು ಬರೆದ. ಅದರಲ್ಲಿ ತಾನು ನೀಚನಾಗಿದ್ದೆ ಎಂದು ಹೇಳಿಕೊಂಡಿದ್ದಾನೆ, ಯಾವ ನೀಚತನ ಎಂದು ಹೇಳಿಲ್ಲ. ಗುಲಾಮರ ವ್ಯಾಪಾರ ಪಾಪ, ನಾನದನ್ನು ಮಾಡಿದೆ, ಕಣ್ಣಾರೆ ಕಂಡದ್ದು ಇದು ಎಂದು ಅವನು ಪುಸ್ತಿಕೆ ಬರೆದು ಊರಿಗೆಲ್ಲ ಸಾರಿದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ! ತನ್ನ ಅರಿಕೆ ತಡವಾಯಿತೆಂದು ಅವನೇ ಬರೆದಿದ್ದಾನೆ. ಬ್ರಿಟನ್ನಿನ ಪಾರ್ಲಿಮೆಂಟು ಆ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಇದನ್ನು ಓದಿದಾಗ ಮೊದಲು ನನಗೆ ಸಿಟ್ಟೇ ಬಂತು. ಇಷ್ಟು ತಡವೇ? ಹಡಗಿನ ತಳದಲ್ಲಿ ಸತ್ತವರಿಗೆ ಆ ಪುಸ್ತಿಕೆಯಿಂದ ಏನು ಬಂತು? ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಕೃಪೆಯ ಹೆಸರಿನಲ್ಲಿ ಅದನ್ನು ಮುಚ್ಚಿಹಾಕಬಾರದು ಎಂದಷ್ಟೇ ಗೊತ್ತು. ಆದರೆ ಹಾಡು ಬರೆದವನು ಹಾಡಿಗೇ ನಿಲ್ಲಲಿಲ್ಲ ಎಂಬುದೂ ಇದೆ. ಕುಂಟುತ್ತ ಕುಂಟುತ್ತ 63ನೆಯ ವಯಸ್ಸಿಗೆ ತನ್ನ ಪಾಪದ ಹೆಸರನ್ನು ಹೇಳುವ ಜಾಗಕ್ಕೆ ಬಂದು ಮುಟ್ಟಿದ. ಹಾಗೆ ನೋಡಿದರೆ ಚಿಕ್ಕಮ್ಮನ ಹನ್ನೆರಡು ವರ್ಷದ ಕಹಿ ದೊಡ್ಡದೇನಲ್ಲ.

ಅವರ ಕಹಿ ಯಾವಾಗ ಇಳಿಯಿತೆಂದು ಅವರಿಗೂ ತಿಳಿಯದು. ಕೇಳಿದರೆ, ‘ಜ್ವರಾ ಬಿಟ್ಟ ಹೊತ್ತು ಯಾರರ ಬರದ ಇಡ್ತಾರೇನು?’ ಎನ್ನುತ್ತಾರೆ. (ನರ್ಸ್ ಆಗಿದ್ದವರು ಈ ಮಾತು ಹೇಳಬಾರದು, ಬರೆದಿಡುವುದೇ ಅವರ ಕೆಲಸವಾಗಿತ್ತು.) 2011ರಲ್ಲಿ ಅಣ್ಣ ತೀರಿಕೊಂಡರು. ಕೊನೆಯ ತನಕ ಕಾಗದದ ಸುದ್ದಿ ಎತ್ತಲಿಲ್ಲ. ಮಣ್ಣಿಗೆ ಹೋದ ದಿನ ಚಿಕ್ಕಮ್ಮ ಇಪ್ಪತ್ತಾರು ವರ್ಷದ ಮೇಲೆ ಆ ಮನೆಯ ಹೊಸ್ತಿಲು ದಾಟಿದರು. ಅತ್ತಿಗೆಯ ಪಕ್ಕದಲ್ಲಿ ಕುಳಿತರು. ಮೂರು ದಿನ ಅಲ್ಲಿಯೇ ಇದ್ದು, ಬಂದವರಿಗೆ ಚಹಾ ಕಾಸಿದರು, ಅತ್ತಿಗೆಗೆ ಗಂಜಿ ಕುಡಿಸಿದರು. ಮೂರನೆಯ ರಾತ್ರಿ ಹಿತ್ತಲ ಕಟ್ಟೆಯ ಮೇಲೆ ನಾವಿಬ್ಬರೇ ಕುಳಿತಿದ್ದಾಗ ಬಾವಿಯ ಕಡೆ ನೋಡುತ್ತ, ‘ಇಷ್ಟು ವರ್ಷ ಇದೇ ಬಾವಿ ನೀರು ಕುಡದ. ಹೆಂಗ ಇಳೀತೋ ಗಂಟಲದಾಗ. ಪಾಪ’ ಎಂದರು.

ನಿಘಂಟಿನಲ್ಲಿ ಅದು ಒಂದನೆಯ ಅರ್ಥವೋ ಎರಡನೆಯದೋ ಎಂದು ನಾನು ಕೇಳಲಿಲ್ಲ. ಎರಡೂ ಅದರಲ್ಲಿ ಪೂರ್ತಿಯಾಗಿ ಇದ್ದವು. ತಂಗಿಗೆ ಅಣ್ಣನ ಮೇಲೆ ಇದ್ದ ಪ್ರೀತಿಯೂ ಇತ್ತು. ಅದು ಎಂದೂ ಹೋಗಿರಲಿಲ್ಲ, ಅದಕ್ಕೇ ಅಷ್ಟು ವರ್ಷ ಉರಿದದ್ದು. ಪರರು ಮೋಸ ಮಾಡಿದ್ದರೆ ಎಂದೋ ಮರೆತಿರುತ್ತಿದ್ದರು.

ಈ ವರ್ಷ ಅಣ್ಣನ ಮಗ ಆ ಮನೆಯನ್ನು ಮಾರುವ ಯೋಚನೆ ಮಾಡಿದ್ದಾನೆ. ಮಾರುವ ಮುಂಚೆ ಹಳೆಯ ಕಾಗದಗಳನ್ನು ತೆಗೆದು ನೋಡಿದಾಗ 1984ರ ಪತ್ರ ಅವನ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಒಂದು ಭಾನುವಾರ ಆರಾಧನೆಗೆ ಹೋಗದೆ ನೇರ ಚಿಕ್ಕಮ್ಮನ ಮನೆಗೆ ಬಂದ. ಕಾನೂನಿನ ಪ್ರಕಾರ ಈಗ ಅವನ ಮೇಲೆ ಯಾವ ಒತ್ತಾಯವೂ ಇಲ್ಲ. ಅಂಥ ಪತ್ರವನ್ನು ಪ್ರಶ್ನಿಸುವ ಮೂರು ವರ್ಷದ ಗಡುವು ಮುಗಿದು ಮೂರು ದಶಕ ದಾಟಿದೆ. ಅದೂ ಅವನಿಗೆ ಗೊತ್ತು. ‘ಅತ್ತಿ, ಅರ್ಧಾ ನಿಮ್ಮ ಹೆಸರಿಗೆ ಬರೆದು ಕೊಟ್ಟು ಆಮ್ಯಾಲ ಮಾರೋಣ’ ಎಂದನಂತೆ. ಚಿಕ್ಕಮ್ಮ ಅಳುತ್ತಾರೆ ಎಂದುಕೊಂಡಿದ್ದ. ಅವರು ಕನ್ನಡಕ ಹಾಕಿಕೊಂಡು ಆ ಹಳೆಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ, ‘ಸತ್ಯವೇದದ ಪ್ರಕಾರ ಇನ್ನೂ ಐದನೇ ಒಂದು ಪಾಲು ಹೆಚ್ಚಿಗಿ ಬರಬೇಕು ನನಗ’ ಎಂದರು. ಹುಡುಗ ಬೆಪ್ಪಾಗಿ ನೋಡಿದ. ‘ಅದನ್ನ ಬಿಟ್ಟೇನಿ, ಹೋಗು’ ಎಂದು ನಕ್ಕು ಒಳಗೆ ಹೋಗಿ ಅವನಿಗೆ ಉಪ್ಪಿಟ್ಟು ಮಾಡಿದರು.

ಕೆಲಸ ಇನ್ನೂ ಮುಗಿದಿಲ್ಲ. ಹಿತ್ತಲಿನ ಅಳತೆ ಆಗಬೇಕು, ಉತಾರದಲ್ಲಿ ಹೆಸರು ಸೇರಬೇಕು, ಅವನ ತಂಗಿ ಬೆಂಗಳೂರಿನಿಂದ ಬಂದು ಒಪ್ಪಿಗೆ ಕೊಡಬೇಕು. ಆಕೆ ಏನನ್ನುತ್ತಾಳೋ ಗೊತ್ತಿಲ್ಲ. ಬರುವ ತಿಂಗಳು ಮೋಜಣಿಯವರು ಬರುತ್ತಾರಂತೆ. ಆ ದಿನ ನಾನೂ ಜೊತೆಗಿರಬೇಕೆಂದು ಚಿಕ್ಕಮ್ಮ ಹೇಳಿ ಕಳಿಸಿದ್ದಾರೆ. ಬರುವಾಗ ಪೇಟೆಯಲ್ಲಿ ರಿಪೇರಿಗೆ ಕೊಟ್ಟ ಅವರ ಕನ್ನಡಕವನ್ನು ಬಿಡಿಸಿಕೊಂಡು ಬರಬೇಕು. ಈ ಸಲ ಓದದೆ ಸಹಿ ಹಾಕುವುದಿಲ್ಲವಂತೆ.